ವಜ್ರವೂ ಇದ್ದಲೂ



ಓಲೆಯಲ್ಲಿ ಮಿನುಗುವ ವಜ್ರವೂ ಅಗ್ಗಿಷ್ಟಿಕೆಯಲ್ಲಿ ಉರಿಯುವ ಇದ್ದಲೂ ಒಂದೇ ಮೂಲವಸ್ತುವೆಂದು ಕೇಳಿದಾಗ, ರಸಾಯನಶಾಸ್ತ್ರಜ್ಞರು ವಿನೋದ ಮಾಡುತ್ತಿರುವರೇನೋ ಎಂದು ನಮಗೆ ತೋರದಿರದು. ಇದನ್ನರಿಯಲು ವಜ್ರವನ್ನೇ ಸುಡಬೇಕಾಯಿತು. 1772ರಲ್ಲಿ ಪ್ಯಾರಿಸಿನ ಲವಾಸಿಯೆ ಎಂಬ ವಿಜ್ಞಾನಿಯು ದೊಡ್ಡ ಮಸೂರವೊಂದರಿಂದ ಬಿಸಿಲನ್ನು ವಜ್ರದ ಮೇಲೆ ಕೂಡಿಸಲು ಅದು ಉರಿದುಹೋಯಿತು. ಪಾತ್ರೆಯಲ್ಲುಳಿದ ವಾಯುವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸಿತು. ಇದ್ದಲನ್ನು ಸುಟ್ಟಾಗಲೂ ಹೀಗೆಯೇ. ಆದರೂ ಎರಡೂ ಒಂದೇ ಎನ್ನಲು ಆತನು ಹಿಂಜರಿದನು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನ್ನೆಂಟ್ ಎಂಬಾತನು, ಸಮತೂಕದ ಇದ್ದಲೂ ವಜ್ರವೂ ಸಮಪ್ರಮಾಣದ ಇಂಗಾಲಾಮ್ಲ ವಾಯುವನ್ನೇ ಕೊಡುವುವೆಂದು ತೋರಿಸಿದ ಮೇಲೆ ಸಂಶಯಕ್ಕೆಡೆಯುಳಿಯಲಿಲ್ಲ.

ಹಾಗಾದರೆ ಭೇದವೆಲ್ಲಿ? ಜೋಡಣೆಯಲ್ಲಿ. 1913ರಲ್ಲಿ ಬ್ರ್ಯಾಗ್ ತಂದೆಮಕ್ಕಳು ಕ್ಷಕಿರಣಗಳಿಂದ ಇದನ್ನು ಬಿಡಿಸಿ ತೋರಿಸಿದರು. ವಜ್ರದಲ್ಲಿ ಒಂದೊಂದು ಇಂಗಾಲದ ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳನ್ನು ನಾಲ್ಕು ದಿಕ್ಕಿನಲ್ಲಿ ಬಿಗಿಯಾಗಿ ಹಿಡಿದಿರುವುದು. ಪೆನ್ಸಿಲಿನೊಳಗಿನ ಗ್ರಾಫೈಟಿನಲ್ಲಾದರೋ ಅವೇ ಪರಮಾಣುಗಳು ಹಾಳೆಹಾಳೆಯಾಗಿದ್ದು, ಹಾಳೆಗಳು ಒಂದರ ಮೇಲೊಂದು ಜಾರುವುವು. ಅದರಿಂದಲೇ ಅದು ಕಾಗದಕ್ಕೆ ಹತ್ತುವುದು.

ಈ ಬಿಗಿಯಿಂದಲೇ ವಜ್ರವನ್ನು ಗೀರುವ ಖನಿಜ ಮತ್ತೊಂದಿಲ್ಲ. ಆದರೆ ಇಲ್ಲಿ ನಾವು ಎಚ್ಚರ ತಪ್ಪಬಾರದು. ಗೀರಿಗೆ ಬಗ್ಗದ್ದು ಪೆಟ್ಟಿಗೂ ಬಗ್ಗದೆಂದು ತಿಳಿಯುವುದು ತಪ್ಪು. ನಿಜವಾದ ವಜ್ರವು ಅಡಿಗಲ್ಲಿನ ಮೇಲೆ ಸುತ್ತಿಗೆಯ ಹೊಡೆತವನ್ನು ತಾಳುವುದೆಂದು ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿ ಬರೆದಿಟ್ಟನು. ಈ ಮಾತನ್ನು ನಂಬಿ ಪರೀಕ್ಷೆಗೆ ಕೈಹಾಕಿದವರು ನಿಜವಾದ ವಜ್ರವನ್ನು ಪುಡಿಮಾಡಿ, ಅದು ನಕಲಿಯೆಂದು ನಿರ್ಣಯಿಸುವರು! ಅಷ್ಟಮುಖದ ಹರಳಿನ ಮುಖಗಳಿಗೆ ಸಮಾನಾಂತರವಾದ ನಾಲ್ಕು ದಿಕ್ಕುಗಳಲ್ಲಿ ವಜ್ರವು ಸೌದೆ ಸೀಳಿದಂತೆ ಸೀಳುವುದು. ಸಾಣೆಗಾರರು ಈ ಗುಣವನ್ನು ತಮ್ಮ ಕೆಲಸಕ್ಕೆ ಬಳಸಿಕೊಳ್ಳುವರು. ವಜ್ರಕ್ಕೆ ಸಾಣೆಹಿಡಿಯುವುದು ವಜ್ರದ ಪುಡಿಯಿಂದಲೇ. ಅದರ ಕಾಠಿಣ್ಯವು ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮವಲ್ಲ, ಪುಡಿಯಲ್ಲಿ ಗಟ್ಟಿಯಾದ ದಿಕ್ಕು ತೋರಿ ನಿಂತ ಕಣಗಳು ಕೆಲವಾದರೂ ಇದ್ದೇ ಇರುವುವು.

ಪರೀಕ್ಷಿಸಲೇಬೇಕೆನ್ನುವವರಿಗೆ ಸೌಮ್ಯವಾದ ಮಾರ್ಗಗಳುಂಟು. ವಜ್ರದ ಸಾಂದ್ರತೆ 3.52, ವಕ್ರೀಭವನಾಂಕ 2.42, ಸಾಮಾನ್ಯ ಗಾಜಿನದು ಸುಮಾರು 1.5. ಒಳಹೊಕ್ಕ ಬೆಳಕು ಒಳಗೊಳಗೇ ಪ್ರತಿಫಲಿಸಿ ಮೇಲಕ್ಕೆ ಹಿಂದಿರುಗುವುದೇ ಅದರ ಥಳುಕಿಗೆ ಕಾರಣ. ಶಾಖವನ್ನು ಅದು ತಾಮ್ರಕ್ಕಿಂತ ಹಲವು ಪಾಲು ಚೆನ್ನಾಗಿ ಹರಿಯಗೊಡುವುದು. ಆದುದರಿಂದ ಬಾಯಿಯ ಆವಿ ಹಿಡಿದರೆ ಆ ಮಂಜು ಕ್ಷಣದಲ್ಲಿ ಮಾಯವಾಗುವುದು. ಇಷ್ಟಾದರೂ ಮಾಯಿಸನೈಟ್ ಎಂಬ ಹರಳು ಶಾಖ ಅಳೆಯುವ ಯಂತ್ರವನ್ನೂ ವಂಚಿಸಬಲ್ಲುದು.

1954ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಅಧಿಕ ಒತ್ತಡ, ಅಧಿಕ ಶಾಖಗಳಿಂದ ಇಂಗಾಲವನ್ನು ವಜ್ರವಾಗಿಸಿದರು. ಇದು ನಕಲಿಯಲ್ಲ, ವಜ್ರವೇ. ನಮ್ಮ ಬೆಂಗಳೂರಿನಲ್ಲಿ ವಜ್ರವನ್ನು ಬಹುಕಾಲ ಅಭ್ಯಸಿಸಿದ ಸರ್ ಸಿ. ವಿ. ರಾಮನ್ನರ ಹೆಸರಿನ ಪರಿಣಾಮದಲ್ಲಿ ವಜ್ರವು 1332 ಎಂಬ ಅಂಕದ ಬಳಿ ಒಂದು ತೀಕ್ಷ್ಣವಾದ ರೇಖೆಯನ್ನು ತೋರುವುದು. ಗಣಿಯ ಹರಳಾದರೂ ಸರಿ, ಯಂತ್ರದಲ್ಲಿ ಬೆಳೆದುದಾದರೂ ಸರಿ, ಆ ರೇಖೆ ಅಲ್ಲಿಯೇ.