ಬೀನ್ಸ್ ಯಾಕೆ ಏಳಲಿಲ್ಲ?

ಮಕ್ಕಳೇ, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ಯುಗಾದಿಗೆ ನಾನು ಅಮೆರಿಕದ ಸಿಯಾಟಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಹೋಳಿಗೆ ಊಟ ಮುಗಿದ ಮೇಲೆ ಮೊಮ್ಮಗಳನ್ನು ಕರೆದೆ. "ಬಾರೇ ಪುಟ್ಟಿ, ಹೊಸ ವರ್ಷ. ಇವತ್ತು ಬೀಜ ಹಾಕಿದರೆ ಒಳ್ಳೇದು." ಹಿತ್ತಲಲ್ಲಿ ಅಳಿಯ ಹಲಗೆ ಹೊಡೆದು ಎರಡು ಮಡಿ ಮಾಡಿದ್ದರು. ಒಂದರಲ್ಲಿ 20 ಬೀನ್ಸ್ ಬೀಜ, ಇನ್ನೊಂದರಲ್ಲಿ 20 ಬಟಾಣಿ. ಪುಟ್ಟಿ ಬೆರಳಿನಿಂದ ಕುಳಿ ಮಾಡುತ್ತಾ ಹೋದಳು, ನಾನು ಕೊಡೆ ಹಿಡಿದು ನಿಂತೆ. ಮಳೆ ಜಿನುಗುತ್ತಿತ್ತು. ನಮ್ಮಲ್ಲಿ ಯುಗಾದಿ ಹೊತ್ತಿಗೆ ಫ್ಯಾನು ತಿರುಗಲೇಬೇಕು. ಅಲ್ಲಿ ನಾನು ಎರಡು ಸ್ವೆಟರ್ ಹಾಕಿಕೊಂಡಿದ್ದೆ.

ಮೂರು ವಾರ ಕಳೆಯಿತು. ಬಟಾಣಿ ಮಡಿಯಲ್ಲಿ 17 ಸಸಿ ಎದ್ದವು. ಬೀನ್ಸ್ ಮಡಿಯಲ್ಲಿ ಒಂದೂ ಇಲ್ಲ. ಪುಟ್ಟಿ ಚಮಚ ತಂದು ಮಣ್ಣು ಕೆದಕಿದಳು. ಒಂದು ಬೀಜ ಸಿಕ್ಕಿತು. ಊದಿಕೊಂಡು ಬೆರಳಿಗೆ ಲೊಳಕ್ಕೆಂದು ಹತ್ತಿತು. ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬೇರೆ.

"ಅಜ್ಜಿ, ನಾವು ನೀರು ಕಮ್ಮಿ ಹಾಕಿದ್ವಾ?"

ಮೂರು ವಾರದಿಂದ ಆಕಾಶ ದಿನಾ ನೀರು ಹಾಕುತ್ತಲೇ ಇತ್ತಲ್ಲ! ಇಬ್ಬರೂ ನಕ್ಕುಬಿಟ್ಟೆವು. ಆದರೆ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಒಂದು ವಿಚಿತ್ರ ಕೇಳಿ. ಬೆಂಗಳೂರಿಗೂ ಸಿಯಾಟಲ್‌ಗೂ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಮ್ಮಿ ಒಂದೇ, 1000 ಮಿಲಿಮೀಟರ್‌ನ ಆಸುಪಾಸು. ಆದರೆ ಬೆಂಗಳೂರಿನಲ್ಲಿ ಅದು ಸುಮಾರು 60 ದಿನಗಳಲ್ಲಿ ಸುರಿದು ಮುಗಿಯುತ್ತದೆ. ಧೋ ಎಂದು ಹೊಡೆದು, ಮರುದಿನ ಬಿಸಿಲು. ಸಿಯಾಟಲ್‌ನಲ್ಲಿ ಅದೇ ಮಳೆ ಸುಮಾರು 150 ದಿನ ಸೋನೆಯಾಗಿ ಜಿನುಗುತ್ತದೆ. ಮೋಡ ಸರಿಯುವುದಿಲ್ಲ, ಮಣ್ಣು ಒಣಗುವುದಿಲ್ಲ.

ಪಕ್ಕದ ಮನೆಯಲ್ಲಿ ತರಕಾರಿ ಬೆಳೆಯುವ ತಾತ ಒಬ್ಬರಿದ್ದರು. ಅವರು ಕಡ್ಡಿಯಂಥ ಒಂದು ಥರ್ಮಾಮೀಟರ್ ಕೊಟ್ಟರು, ಮಣ್ಣಿಗೆ ಚುಚ್ಚಿ ನೋಡುವಂಥದ್ದು. ಪುಟ್ಟಿ ಚುಚ್ಚಿ ಓದಿದಳು: 9 ಡಿಗ್ರಿ ಸೆಲ್ಸಿಯಸ್. ತಾತ ತಲೆಯಾಡಿಸಿದರು. ಬಟಾಣಿಯನ್ನು ಆ ಕಡೆಯವರು ಫೆಬ್ರುವರಿಯಲ್ಲೇ ಬಿತ್ತುತ್ತಾರಂತೆ. ಬೀನ್ಸ್‌ಗೆ ಮಾತ್ರ ಮಣ್ಣು 16 ಡಿಗ್ರಿಯಾದರೂ ಮುಟ್ಟಬೇಕಂತೆ.

ಒದ್ದೆ ಮಣ್ಣು ಅಷ್ಟು ತಣ್ಣಗೆ ಇರುವುದೇಕೆ? ಅಡುಗೆಮನೆಯಲ್ಲಿ ನೋಡಿದ್ದೀರಲ್ಲ, ಒಲೆಯ ಮೇಲಿಟ್ಟ ಖಾಲಿ ಬಾಣಲೆ ಕ್ಷಣದಲ್ಲಿ ಕಾಯುತ್ತದೆ. ಒಂದು ಚೊಂಬು ನೀರು ಹಾಕಿದರೆ ಕಾಯಿಸಿ ಕಾಯಿಸಿ ಸಾಕಾಗುತ್ತದೆ. ಒಂದು ಕಿಲೋ ಒಣಮಣ್ಣನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದ ಸುಮಾರು ಐದರಷ್ಟು ಒಂದು ಕಿಲೋ ನೀರಿಗೆ ಬೇಕು. ಮೋಡದ ಸಂದಿಯಿಂದ ಬಂದ ಚೂರುಪಾರು ಬಿಸಿಲೂ ಮಣ್ಣಿನಲ್ಲಿರುವ ನೀರನ್ನು ಬೆಚ್ಚಗೆ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಸಾಲದ್ದಕ್ಕೆ, ಮೇಲ್ಗಡೆಯ ನೀರು ಆವಿಯಾಗುವಾಗ ಒಂದಿಷ್ಟು ಶಾಖವನ್ನು ತಾನೇ ಒಯ್ಯುತ್ತದೆ. ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ.

ಸರಿ, ಮಣ್ಣು ತಣ್ಣಗಿದೆ. ಬೀಜ ಕೊಳೆತದ್ದೇಕೆ?

ನಾವು ಉಳಿದ ಒಂದು ಬೀನ್ಸ್ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ಸುಲಿದು ಎರಡು ಹೋಳು ಮಾಡಿದೆವು. ಹೋಳುಗಳ ನಡುವೆ ಮೂಲೆಯಲ್ಲಿ ಅಂಟಿಕೊಂಡಿತ್ತು ಒಂದು ಮರಿಗಿಡ! ಅಕ್ಕಿಕಾಳಿಗಿಂತ ಚಿಕ್ಕದು. ಅದಕ್ಕೆ ಮೊನಚಾದ ಬೇರಿನ ತುದಿ, ಮಡಿಸಿಟ್ಟ ಎರಡು ಪುಟಾಣಿ ಎಲೆ. ದಪ್ಪನೆಯ ಹೋಳುಗಳು ಅದಕ್ಕೆ ಕಟ್ಟಿಕೊಟ್ಟ ಬುತ್ತಿ.

ಬುತ್ತಿ ಬಿಚ್ಚಿ ಉಣ್ಣಲು ಮರಿಗಿಡಕ್ಕೆ ನೀರು ಬೇಕು, ಜೊತೆಗೆ ಆಮ್ಲಜನಕವೂ ಬೇಕು. ಮೊಳೆಯುವ ಬೀಜ ನಮ್ಮ ಹಾಗೆಯೇ ಉಸಿರಾಡುತ್ತದೆ. ಉದುರು ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ, ಅವುಗಳಲ್ಲಿ ಗಾಳಿ ಇರುತ್ತದೆ. ಸೋನೆ ಹಿಡಿದಾಗ ಆ ಸಂದುಗಳಲ್ಲೆಲ್ಲ ನೀರು ತುಂಬಿಕೊಳ್ಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೀಜಕ್ಕೆ ಉಸಿರು ಕಟ್ಟುತ್ತದೆ.

ಚಳಿ ಮಾಡುವ ಕೇಡು ಬೇರೆ. ಬೀಜದ ಒಂದೊಂದು ಜೀವಕೋಶಕ್ಕೂ ಕೊಬ್ಬಿನಂಥ ವಸ್ತುವಿನ ತೆಳು ಪೊರೆ ಇರುತ್ತದೆ. ಒಣಬೀಜದಲ್ಲಿ ಅದು ಮುದುಡಿರುತ್ತದೆ. ನೀರು ಸಿಕ್ಕಾಗ ಹರಡಿಕೊಂಡು ಮೊದಲಿನಂತಾಗಬೇಕು. ಚಳಿಗೆ ತುಪ್ಪ ಗಟ್ಟಿಯಾಗುತ್ತದಲ್ಲ? ಹಾಗೆಯೇ ತಣ್ಣೀರು ನುಗ್ಗಿದರೆ ಬೀನ್ಸ್ ಬೀಜದ ಪೊರೆ ಬಿಗಿದುಕೊಂಡು ಅಲ್ಲಲ್ಲಿ ಬಿರಿಯುತ್ತದೆ. ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ. ಸಿಹಿಯ ಸುಳಿವು ಹಿಡಿದು ಮಣ್ಣಿನ ಶಿಲೀಂಧ್ರಗಳು ಬರುತ್ತವೆ. ಮರಿಗಿಡದ ಬುತ್ತಿಯನ್ನು ಅವೇ ಉಂಡು ಮುಗಿಸುತ್ತವೆ. ಪುಟ್ಟಿಯ ಬೆರಳಿಗೆ ಹತ್ತಿದ್ದು ಆ ಊಟದ ಎಂಜಲು!

ಹಾಗಾದರೆ ಬಟಾಣಿ ಹೇಗೆ ಎದ್ದಿತು? ಅದರ ತವರು ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡು. ಅಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ತಣ್ಣನೆಯ ಮಣ್ಣಿನಲ್ಲಿ ಏಳುವುದು ಬಟಾಣಿಗೆ ಅಭ್ಯಾಸ. ನಮ್ಮ ಮಾರುಕಟ್ಟೆಯಲ್ಲೂ ಹಸಿ ಬಟಾಣಿ ರಾಶಿ ಬೀಳುವುದು ಚಳಿಗಾಲದಲ್ಲೇ ಅಲ್ಲವೇ? ಬೀನ್ಸ್‌ನ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅದಕ್ಕೆ ಬೆಚ್ಚನೆಯ ಮಣ್ಣೇ ಆಗಬೇಕು.

ನನಗೆ ನಾಚಿಕೆಯಾಗಿದ್ದು ಇಲ್ಲಿ. ಐವತ್ತು ವರ್ಷದಿಂದ ಹೆಸರುಕಾಳು ಮೊಳಕೆ ಕಟ್ಟುತ್ತಿದ್ದೇನೆ. ನೆನೆಸಿದ ನೀರನ್ನು ಬಸಿಯುತ್ತೇನೆ, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟುತ್ತೇನೆ, ಒಲೆಯ ಹತ್ತಿರ ಇಡುತ್ತೇನೆ. ನೀರು, ಗಾಳಿ, ಬಿಸಿ ಮೂರೂ ಅಲ್ಲಿವೆ! ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಹಿತ್ತಲಿಗೆ ಹೋದಾಗ ಮರೆತಿತ್ತು.

ಮೇ ತಿಂಗಳಲ್ಲಿ ಪುಟ್ಟಿ ತಳಕ್ಕೆ ತೂತು ಮಾಡಿದ ಕಾಗದದ ಲೋಟಗಳಿಗೆ ಉದುರು ಮಣ್ಣು ತುಂಬಿ, ಬೀನ್ಸ್ ಬಿತ್ತಿ, ಮನೆಯೊಳಗೆ ಕಿಟಕಿ ಹತ್ತಿರ ಇಟ್ಟಳು. ಎಂಟನೆಯ ದಿನ ಕೂಗಿದಳು, "ಅಜ್ಜಿ, ಬಗ್ಗಿಕೊಂಡು ಬರ್ತಿದೆ!" ಮೊಳಕೆ ಕೊಕ್ಕೆಯ ಹಾಗೆ ಕುತ್ತಿಗೆ ಬಗ್ಗಿಸಿ ಮಣ್ಣು ಸೀಳುತ್ತಿತ್ತು. ಎಳೆಯ ಎಲೆ ಕಲ್ಲುಮಣ್ಣಿಗೆ ಉಜ್ಜಿ ಹರಿಯಬಾರದು ನೋಡಿ, ಅದಕ್ಕೇ ಬೆನ್ನು ಮುಂದು. ಬುತ್ತಿಯ ಹೋಳುಗಳನ್ನೂ ಅದು ಮೇಲಕ್ಕೆ ಎಳೆದುಕೊಂಡೇ ಬಂತು. ಬಟಾಣಿಯಾದರೋ ಬುತ್ತಿಯನ್ನು ಮಣ್ಣಿನೊಳಗೇ ಬಿಟ್ಟು ಬರುತ್ತದೆ.

ನೀವೂ ಮಾಡಿ ನೋಡಿ. ರಾತ್ರಿ ನೆನೆಸಿದ ಹೆಸರುಕಾಳಿನಲ್ಲಿ ಹತ್ತು ಹತ್ತರ ಮೂರು ಪಾಲು ಮಾಡಿ. ಒಂದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯಲ್ಲಿಡಿ. ಇನ್ನೊಂದನ್ನು ಹಾಗೇ ಕಟ್ಟಿ ಫ್ರಿಜ್ಜಿನಲ್ಲಿಡಿ. ಮೂರನೆಯದನ್ನು ಲೋಟದ ತುಂಬ ನೀರಿನಲ್ಲಿ ಮುಳುಗಿಸಿಡಿ. ಮೂರು ದಿನ, ದಿನಕ್ಕೊಮ್ಮೆ ಎಣಿಸಿ ಬರೆದಿಡಿ. ಲೋಟದ್ದನ್ನು ಮೂಸಿಯೂ ನೋಡಿ, ತಿನ್ನಬೇಡಿ.

ಜೂನ್‌ನಲ್ಲಿ ನಾನು ಊರಿಗೆ ಹೊರಟಾಗ ಬೀನ್ಸ್ ಬಳ್ಳಿ ಕೋಲು ಹಿಡಿದು ಒಂದು ಸುತ್ತು ಸುತ್ತಿತ್ತು. ಪಕ್ಕದಲ್ಲಿ ತಾತನ ಥರ್ಮಾಮೀಟರ್ ನೆಟ್ಟಿತ್ತು. ಅದರ 16ರ ಗೆರೆಯ ಮೇಲೆ ಪುಟ್ಟಿ ಅಮ್ಮನ ಕೆಂಪು ನೇಲ್ ಪಾಲಿಶ್ ಬಳಿದಿದ್ದಳು.