ಮುದುಕರ ಮನೆಗೆ ನೆರೆಯವರ ಪಾಳಿ

(ಅಂಕೋಲೆಯಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಪಗಾರದ ಮಾತನ್ನಾಗಲಿ ತೆರಿಗೆಯ ಮಾತನ್ನಾಗಲಿ ಎತ್ತಿಕೊಂಡು ಬಂದಿಲ್ಲ. ನಮ್ಮ ಕೇರಿಗಳಲ್ಲಿ ಒಂಟಿಯಾಗಿ ಉಳಿದ ಮುದುಕರ ಮಾತನ್ನು ಎತ್ತಿಕೊಂಡು ಬಂದಿದ್ದೇವೆ.

ಮಾಜಾಳಿಯಿಂದ ಮಂಜಗುಣಿಯ ತನಕ ನಡೆದುಕೊಂಡು ಹೋಗಿ ನೋಡಿರಿ. ಮಗ ಗೋವೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಮೊಮ್ಮಗ ಕೊಲ್ಲಿಯ ಯಾವುದೋ ದೇಶದಲ್ಲಿ. ಮನೆಯಲ್ಲಿ ಅಜ್ಜಿಯೊಬ್ಬಳು, ಇಲ್ಲವೇ ಅಜ್ಜ ಅಜ್ಜಿ ಇಬ್ಬರೇ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದವನು ಅಂದು ಮೂವತ್ತರವನಿದ್ದರೆ ಇಂದು ಎಪ್ಪತ್ತು ದಾಟಿದ್ದಾನೆ. ಮಕ್ಕಳನ್ನು ಬೈಯುವುದು ಸುಲಭ. ಇಲ್ಲಿ ಕೆಲಸವಿಲ್ಲದೆ ಹೋದ ಮಕ್ಕಳನ್ನು ನಾವು ಬೈಯುವುದಿಲ್ಲ.

ಮುದುಕರು ಬೇಡುವುದೇನು? ತನ್ನ ಬಾವಿಯ ನೀರು, ತನ್ನ ಜಗಲಿ, ಮುಂಜಾನೆ ಮೀನು ಮಾರುವವಳ ಕೂಗು, ಕೊಂಕಣಿಯಲ್ಲಾಗಲಿ ಕನ್ನಡದಲ್ಲಾಗಲಿ ತನ್ನ ನಾಲಿಗೆಗೆ ಒಗ್ಗಿದ ನಾಲ್ಕು ಮಾತು. ತನ್ನ ಮನೆಯಲ್ಲೇ ಕಣ್ಣು ಮುಚ್ಚಬೇಕೆಂಬುದಿಷ್ಟೇ ಅವರ ಆಸೆ.

ಆ ಮನೆಯಿಂದ ಅವರನ್ನು ಹೊರಗೆ ಹಾಕುವುದು ಹೆಚ್ಚಾಗಿ ದೊಡ್ಡ ರೋಗವಲ್ಲ, ಬಚ್ಚಲ ಕಲ್ಲಿನ ಪಾಚಿ. ಆಷಾಢದ ಮಳೆಯಲ್ಲಿ ಆ ಪಾಚಿಯನ್ನು ತಿಕ್ಕುವವರಿಲ್ಲ. ದೀಪ ಹೋಗಿ ಎಂಟು ದಿನವಾದರೂ ಹೊಸದನ್ನು ಹಾಕುವವರಿಲ್ಲ. ಅಜ್ಜಿ ಕತ್ತಲೆಯಲ್ಲಿ ಜಾರಿ ಬೀಳುತ್ತಾಳೆ, ಸೊಂಟದ ಎಲುಬು ಮುರಿಯುತ್ತದೆ. ಮಣಿಪಾಲಕ್ಕೋ ಬಾಂಬೋಳಿಗೋ ಹುಬ್ಬಳ್ಳಿಗೋ ಒಯ್ಯುತ್ತಾರೆ. ಮಗ ರಜೆ ಹಾಕಿ ಬರುತ್ತಾನೆ, ತಿರುಗಿ ಹೋಗುವಾಗ ತಾಯಿಯನ್ನೂ ಕರೆದೊಯ್ಯುತ್ತಾನೆ, ಮನೆಗೆ ಬೀಗ ಬೀಳುತ್ತದೆ. ಕಾಲು ತಾಸಿನ ತೆಂಗಿನ ನಾರಿನ ಕೆಲಸಕ್ಕೆ ಒಂದು ಮನೆಯೇ ಹೋಯಿತು!

ನೆರೆಯವರು ನೋಡಿಕೊಳ್ಳುತ್ತಿಲ್ಲವೇ ಎಂದು ತಾವು ಕೇಳಬಹುದು. ನೋಡಿಕೊಳ್ಳುತ್ತಿದ್ದಾರೆ. ಆದರೆ ನೋಡಿಕೊಳ್ಳುವವರು ಯಾರು? ಮಗ್ಗುಲ ಮನೆಯ ಒಬ್ಬ ಹೆಂಗಸು. ತನ್ನ ಮನೆಯ ಕೆಲಸ, ಕೂಲಿಯ ಕೆಲಸ ಮುಗಿಸಿ ಆಕೆ ಗಂಜಿ ಕೊಟ್ಟು ಬರುತ್ತಾಳೆ. ಆಕೆಗೆ ಜ್ವರ ಬಂದ ದಿನ ಅಜ್ಜಿಗೆ ಉಪವಾಸ. ಗಂಡಸರಾದ ನಾವು ಆ ಹೊತ್ತಿಗೆ ಚಹದಂಗಡಿಯಲ್ಲಿ ದೇಶದ ಭವಿಷ್ಯವನ್ನು ಚರ್ಚಿಸುತ್ತಿರುತ್ತೇವೆ.

ಗಿರಣಿಯವರಿಗೆ ಪಾಳಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬದಲಿ ಆಳು ಬಂದು ನಿಲ್ಲುವ ತನಕ ಯಂತ್ರವನ್ನು ಬಿಟ್ಟು ಹೋಗುವಂತಿಲ್ಲ. ಬೇಸಾಯದವರಿಗೆ ಮುಯ್ಯಾಳು ಗೊತ್ತು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇವೆರಡನ್ನೂ ಕೂಡಿಸಿರಿ ಎಂಬುದೇ ನಮ್ಮ ಮಾತು. ಕರುಣೆ ಮಳೆ ಬಂದ ದಿನ ಮರೆತುಹೋಗುತ್ತದೆ, ಪಾಳಿ ಮರೆಯುವುದಿಲ್ಲ.

ನೆರೆಯ ಬೆಲೆ ಏನೆಂದು ಸೀಬರ್ಡ್ ನೌಕಾನೆಲೆಯ ನಿರಾಶ್ರಿತರನ್ನು ಕೇಳಿರಿ. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೌಕಾನೆಲೆ ಸೇವೆಗೆ ಸಿದ್ಧವಾಯಿತು. ಈ ನಡುವೆ ಕಾರವಾರ ಅಂಕೋಲೆ ತಾಲೂಕುಗಳ ಕರಾವಳಿಯ ಸಾವಿರಾರು ಕುಟುಂಬಗಳು ಎದ್ದು ಬೇರೆಡೆಗೆ ಹೋದವು. ಭೂಮಿಗೆ ಬೆಲೆ ಕಟ್ಟಿದರು, ಮನೆಗೆ ಕಟ್ಟಿದರು, ತೆಂಗಿನ ಮರವನ್ನು ಎಣಿಸಿದರು. ಆ ದರವೂ ಸಾಲದೆಂದು ಜನ ವರ್ಷಾನುಗಟ್ಟಲೆ ಕೋರ್ಟು ಹತ್ತಬೇಕಾಯಿತು. ಆದರೆ ಗೋಡೆಯಾಚೆಯಿಂದ ಕೂಗಿದರೆ ಓಗೊಡುತ್ತಿದ್ದ ನೆರೆಯವನಿಗೆ ಪರಿಹಾರದ ಕಾಗದದಲ್ಲಿ ಕಲಮೇ ಇರಲಿಲ್ಲ. ಎಳೆಯರು ಹೊಸ ಕಾಲನಿಯಲ್ಲಿ ಹೊಸ ನೆರೆಯನ್ನು ಕಟ್ಟಿಕೊಂಡಾರು, ಎಪ್ಪತ್ತರ ಮುದುಕಿ ಎಲ್ಲಿಂದ ಕಟ್ಟಿಕೊಳ್ಳಬೇಕು?

ಇದೆಲ್ಲ ಆಗದ ಮಾತು ಎನ್ನುವವರು ನಮ್ಮ ಕೆಳಗಿನ ಕರಾವಳಿಯತ್ತ ನೋಡಲಿ. ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನ ಆವರಣದಲ್ಲಿ 1993ರಲ್ಲಿ ಕೆಲ ವೈದ್ಯರೂ ಅವರ ಸ್ನೇಹಿತರೂ ಸೇರಿ, ಗುಣವಾಗದ ರೋಗಿಗಳ ನೋವು ಶಮನಕ್ಕೆಂದು ಒಂದು ಸಂಸ್ಥೆ ತೆರೆದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ಆಸ್ಪತ್ರೆಯಿಂದ ಕೇರಿಗಿಳಿಯಿತು. ಮಲಪ್ಪುರಂ ಮೊದಲಾದ ಕಡೆ ವಾರಕ್ಕೆ ಎರಡು ತಾಸಾದರೂ ಕೊಡಬಲ್ಲವರು ಹೆಸರು ಬರೆಯಿಸಿದರು. ಅವರಿಗೆ ಹದಿನಾರು ತಾಸಿನ ಪಾಠ, ಮೇಲೆ ನಾಲ್ಕು ದಿನ ರೋಗಿಗಳ ಬಳಿ ಅಭ್ಯಾಸ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಹುಣ್ಣು ತೊಳೆಯುವುದು, ಕಷ್ಟ ಕೇಳುವುದು ಇವರ ಕೆಲಸ. ಇವರ ಬೆನ್ನಿಗೆ ದಾದಿ, ವೈದ್ಯ. ಖರ್ಚಿನ ಬಹುಪಾಲು ಊರವರ ಚಿಲ್ಲರೆ ದೇಣಿಗೆಯಿಂದಲೇ ಬಂತು. ಸರಕಾರ ಇದಕ್ಕೆಂದು ಒಂದು ನೀತಿಯನ್ನು ಮಾಡಿದ್ದು ಆಮೇಲೆ, 2008ರಲ್ಲಿ. ಅಮೇರಿಕೆಯ ಬಾಸ್ಟನ್ ನಗರದಲ್ಲೂ ಒಂದು ಬಡಾವಣೆಯ ಹಿರಿಯರು ಸಂಘ ಕಟ್ಟಿಕೊಂಡಿದ್ದಾರೆ. ಅದಕ್ಕೆ ವರ್ಷದ ಚಂದಾ ಕಟ್ಟಬೇಕು. ನಮಗೆ ಅದಕ್ಕಿಂತ ಮಲಪ್ಪುರಂ ಹತ್ತಿರ.

ನಮ್ಮಲ್ಲಿ ಹೇಗೆ ಮಾಡತಕ್ಕದ್ದು? ಹದಿನೈದು ಇಪ್ಪತ್ತು ಮನೆಗಳಿಗೆ ಒಂದು ವಹಿ. ಯಾವ ಮನೆಯಲ್ಲಿ ಯಾರು, ಯಾವ ಮಾತ್ರೆ, ಮಕ್ಕಳ ಫೋನ್ ನಂಬರು. ದಿನಕ್ಕೆ ಇಬ್ಬರ ಪಾಳಿ. ವ್ಯಾಪಾರಿ ಮಿತ್ರರಿಗೆ ಬೇರೆ ಕೆಲಸವೇನೂ ಬೇಡ: ದಿನಾ ಕವಳಕ್ಕೆ ಬರುವ ಅಜ್ಜ ಇಂದೇಕೆ ಬರಲಿಲ್ಲವೆಂಬುದು ಮೊದಲು ತಿಳಿಯುವುದು ನಿಮಗೇ. ಒಬ್ಬ ಹುಡುಗನನ್ನು ಅಟ್ಟಿ ನೋಡಿಸಿರಿ. ಬಲೆ ಎಳೆದು, ನೇಜಿ ನೆಟ್ಟು ಸವೆದ ಬೆರಳನ್ನು ಹೆಬ್ಬೆಟ್ಟಿನ ಯಂತ್ರ ಗುರುತಿಸದು. ಭವಿಷ್ಯನಿಧಿಯ ಪಿಂಚಣಿದಾರರು ಬದುಕಿರುವ ದಾಖಲೆಯನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡುವ ಏರ್ಪಾಡು 2022ರಲ್ಲಿ ಬಂದಿದೆ. ಕಾಲೇಜಿನ ಹುಡುಗರು ಇದನ್ನು ಜಗಲಿಯ ಮೇಲೆಯೇ ಮಾಡಿಕೊಡಬಲ್ಲರು.

ಮಳೆಗಾಲಕ್ಕೆ ಬೇರೆಯೇ ಪಟ್ಟಿ ಬೇಕು. 2019ರಲ್ಲಿ ಗಂಗಾವಳಿ ಮನೆಗಳಿಗೆ ನುಗ್ಗಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಬಿತ್ತು. ಆದ್ದರಿಂದ ಜೂನ್ ತಿಂಗಳಲ್ಲೇ ಒಂದು ತಿಂಗಳ ಮಾತ್ರೆ ಮನೆಯಲ್ಲಿರಬೇಕು. ನೀರೇರಿದ ರಾತ್ರಿ ಹಾಸಿಗೆ ಹಿಡಿದವರನ್ನು ಹೊತ್ತೊಯ್ಯುವ ನಾಲ್ವರು ಯಾರೆಂಬುದು ಮೊದಲೇ ಗೊತ್ತಿರಬೇಕು.

ಒಂದು ಕಹಿ ಮಾತು. ವಹಿಯನ್ನು ಕೇರಿಯ ಮನೆಗಳ ಸಾಲಿನಲ್ಲಿ ಬರೆಯಬೇಕೇ ಹೊರತು ಜಾತಿಯ ಸಾಲಿನಲ್ಲಲ್ಲ. ಯಾರ ಕೈಯ ಗಂಜಿ ಯಾರು ಉಣ್ಣಬಹುದೆಂಬ ಪ್ರಶ್ನೆ ಮೊದಲನೆಯ ವಾರವೇ ಏಳುತ್ತದೆ. ಉಣ್ಣಲೊಲ್ಲದ ಅಜ್ಜಿಯೊಡನೆ ಜಗಳ ಬೇಡ, ಆಕೆಗೆ ಮಾತ್ರೆಯನ್ನಾದರೂ ತಂದುಕೊಡಿರಿ. ಆದರೆ ಇಂಥವನು ನಮ್ಮ ಪಾಳಿಗೆ ಬೇಡವೆಂದು ಜವಾನರೇ ಹೇಳಿದರೆ, ಅಂಥ ಸಂಘ ಹುಟ್ಟದಿರುವುದೇ ಲೇಸು.

ಇನ್ನು, "ನೀವೇ ಎಲ್ಲ ಮಾಡಿದರೆ ಸರಕಾರ ಕೈ ತೊಳೆದುಕೊಳ್ಳುತ್ತದಲ್ಲ" ಎಂದು ಗೆಳೆಯರು ಆಕ್ಷೇಪಿಸುತ್ತಾರೆ. ಆಕ್ಷೇಪಣೆ ಹಗುರವಾದುದಲ್ಲ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 1995ರಲ್ಲಿ 75 ರೂಪಾಯಿ ಇದ್ದದ್ದು 2006ರಲ್ಲಿ 200 ಆಯಿತು. ಎಂಬತ್ತು ತುಂಬದವರಿಗೆ ಆಮೇಲೆ ಏರಿಸಲೇ ಇಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ 2021ರಲ್ಲಿ 1,200ಕ್ಕೆ ಬಂತು. ಗಿರಣಿಯವರ ಪಿಂಚಣಿಗೆ 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ. ದೊಡ್ಡ ಆಸ್ಪತ್ರೆಗಾಗಿ ಈ ಜಿಲ್ಲೆಯ ಜನ ಬೀದಿಗಿಳಿದು ಕೂಗಿದ್ದನ್ನು ತಾವೆಲ್ಲ ಬಲ್ಲಿರಿ. ಇವುಗಳಲ್ಲಿ ಒಂದನ್ನೂ ನಾವು ಬಿಟ್ಟುಕೊಡುವುದಿಲ್ಲ. ಆದರೆ ನೆಲದ ಪಾಚಿ ಶಾಸನಸಭೆಯ ಅಧಿವೇಶನದ ತನಕ ಕಾಯುವುದಿಲ್ಲ. ಮತ್ತು ಕೇರಿಯ ವಹಿ ಕೈಯಲ್ಲಿದ್ದರೆ ತಹಶೀಲ್ದಾರರ ಮುಂದೆ, ಇಂಥ ಕೇರಿಯಲ್ಲಿ ಇಷ್ಟು ಜನರಿಗೆ ವೇತನ ನಿಂತಿದೆ ಎಂದು ಎಣಿಸಿ ಹೇಳಬಹುದು. ಬರಿಗೈಯಲ್ಲಿ ಹೋದವರಿಗೆ ಅಲ್ಲಿ ಸಿಗುವ ಉತ್ತರ ತಮಗೂ ಗೊತ್ತು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಚಂದಾ ಬೇಡ. ಹೆಸರು, ಕೇರಿ, ವಾರದಲ್ಲಿ ಯಾವ ದಿನ ಯಾವ ಹೊತ್ತು ಎಂದಷ್ಟೇ ಬರೆಯಿರಿ. ರಾತ್ರಿ ಪಾಳಿಯವರು ಮುಂಜಾನೆಯ ಹೊತ್ತು ಬರೆಯಲಿ. ಗಂಡಸರ ಹೆಸರು ಮೊದಲು ಬರಲಿ, ಹೆಂಗಸರು ಈಗಾಗಲೇ ಸಾಕಷ್ಟು ಮಾಡಿದ್ದಾರೆ.