ಹಗುರ ಈಡು

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಕಾಡಿನಂಚಿಗೆ ಹೊಲವುಳ್ಳ ಹಳಬರಿಗೆ ‘ಈಡು’ ಎಂದರೇನೆಂದು ವಿವರಿಸಬೇಕಾದ್ದಿಲ್ಲ. ಬಂದೂಕಿಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡೇ ಈಡು. ಭಾರವಾದ ಈಡಿನ ಸಾಹಸಗಳನ್ನು ಬೇಟೆಯ ಕಥೆಗಳಲ್ಲಿ ತಾವು ಸಾಕಷ್ಟು ಕೇಳಿದ್ದೀರಿ. ನಾನು ಹೇಳಬೇಕೆಂದಿರುವುದು ಹಗುರ ಈಡಿನ ವಿಚಾರ.

ನಾಡಬಂದೂಕಿಗೆ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ನಾರನ್ನೋ ಚಿಂದಿಯನ್ನೋ ಸಲಾಕೆಯಿಂದ ಒತ್ತಿ, ಚರೆ ಹಾಕಿ, ಮತ್ತೆ ಒತ್ತಿ, ಕೊನೆಗೆ ಕೇಪು ಇಡಬೇಕು. ಎಂದರೆ ಅದರ ಪ್ರತಿಯೊಂದು ಈಡೂ ಕೈಯಳತೆಯದೇ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆಯ ರಕ್ಷಣೆಗಾಗಿ ಇಂಥ ಬಂದೂಕಿಗೆ ಪರವಾನಗಿ ಕೊಡುವುದನ್ನು ಹೆಸರಿಸಿಯೇ ಹೇಳಿದೆ. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಪೂರ್ಣಯ್ಯನವರ ಜಹಗೀರಾಗಿದ್ದ, ಮೈಸೂರಿನ ಸೀಮೆ. ಸರಕಾರಗಳು ಎರಡಾದರೂ ಹಂದಿಗಳಿಗೆ ಆ ಗಡಿ ಗೊತ್ತಿರಲಿಲ್ಲವೆನ್ನಿ.

ಹನೂರಿನ ಆಚೆ ನಾನು ಬಲ್ಲ ಹಿರಿಯ ರೈತರೊಬ್ಬರು ಮದ್ದಿಗೆಂದು ಬಿದಿರಿನ ಒಂದು ಅಳತೆಯನ್ನು ಇಟ್ಟುಕೊಂಡಿದ್ದರು. ರಾಗಿ ತೆನೆಗಟ್ಟಿದ ಮೇಲೆ ಅಟ್ಟಣೆಯ ಮೇಲೇ ಅವರ ರಾತ್ರಿ. ಆನೆ ಬಂದರೆ ಚರೆ ಹಾಕುತ್ತಿರಲಿಲ್ಲ. ಬರೀ ಮದ್ದು, ಅದೂ ಅರ್ಧ ಅಳತೆ. ಚರೆ ತಗುಲಿ ನೊಂದ ಆನೆ ಓಡಿಹೋಗುವುದಕ್ಕಿಂತ ಹೊಲದೊಳಕ್ಕೆ ನುಗ್ಗುವ ಸಂಭವವೇ ಹೆಚ್ಚೆಂದು ಅವರ ಮತ. ಮೊಮ್ಮಗ ಒಮ್ಮೆ, “ತಾತ, ಇನ್ನೊಂದಳತೆ ಹಾಕುದ್ರೆ ಸದ್ದು ಜಾಸ್ತಿ ಬತ್ತದಲ್ವಾ?” ಎಂದ. “ಆನೆಗೇನು ಕಿವುಡಾ? ಮೊದ್ಲು ನಮ್ಮ ಕಯ್ಯಿ ಉಳೀಲಿ ಕನಪ್ಪ” ಎಂದರು. ಅವರ ಸಲಾಕೆಯ ಮೇಲೆ ಎರಡು ಗೀರುಗಳಿದ್ದವು: ನಳಿಗೆ ಖಾಲಿಯಿದ್ದಾಗ ಒಂದು, ಈಡು ತುಂಬಿದಾಗ ಇನ್ನೊಂದು. ಕತ್ತಲಲ್ಲಿ ಉಗುರಿನಿಂದ ಆ ಗೀರನ್ನು ಮುಟ್ಟಿ ನೋಡದೆ ಅವರು ಮದ್ದಿಗೆ ಕೈಹಾಕುತ್ತಿರಲಿಲ್ಲ. ನಿದ್ದೆಗಣ್ಣಿನಲ್ಲಿ ತುಂಬಿದ್ದರ ಮೇಲೆಯೇ ಮತ್ತೆ ತುಂಬಿದರೆ ನಳಿಗೆ ಸೀಳಿಹೋಗಬಹುದಷ್ಟೆ.

ನಾನು ರಿವಾಲ್ವರಿನಿಂದ ಕಾಗದದ ಗುರಿಗೆ ಹೊಡೆಯಲು ಕಲಿತದ್ದು ಬಹಳ ತಡವಾಗಿ. ಕಲಿಯುವಾಗ ಆ ಸಲಾಕೆಯ ಗೀರುಗಳು ಪದೇ ಪದೇ ನೆನಪಾಗುತ್ತಿದ್ದವು. ಗುರಿ ಇರುವುದು 25 ಮೀಟರ್ ದೂರದಲ್ಲಿ. ಹತ್ತು ಅಂಕದ ವೃತ್ತದ ಅಗಲ 5 ಸೆಂಟಿಮೀಟರ್. ಕಾಗದಕ್ಕೆ ತೂತು ಬೀಳಲು ಎಷ್ಟು ಬಲ ಬೇಕು? ಅದಕ್ಕಿಂತ ಹೆಚ್ಚಾದದ್ದೆಲ್ಲ ಕೈಯನ್ನು ಅದುರಿಸುವುದಕ್ಕೆ ಮಾತ್ರ. ಆದ್ದರಿಂದಲೇ ಗುರಿಕಾರರು ಹಗುರ ಈಡನ್ನು ಬಯಸುತ್ತಾರೆ. ಪಾಯಿಂಟ್ 38 ಸ್ಪೆಷಲ್ ಎಂಬ ತೋಟಾ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಆಗ ಅದಕ್ಕೆ ಸುಮಾರು 21 ಗ್ರೇನಿನಷ್ಟು ಕರಿಮದ್ದು ಹಿಡಿಸುತ್ತಿತ್ತು. ಈಗಿನ ಹೊಗೆಯಿಲ್ಲದ ಮದ್ದಾದರೆ ಗುರಿಯ ಈಡಿಗೆ 3 ಗ್ರೇನಿನ ಆಸುಪಾಸು ಸಾಕು. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಗುಲಗಂಜಿಯ ತೂಕ.

ತೊಡಕು ಇರುವುದು ಇಲ್ಲಿಯೇ. ಕೊಳವೆ ಹಳೆಯದು, ಉದ್ದನೆಯದು. ಮದ್ದು ತಳದಲ್ಲಿ ಒಂದು ಚಿಟಿಕೆ. ಉಳಿದದ್ದೆಲ್ಲ ಬಯಲು. ಆ ಬಯಲಿನಲ್ಲಿ ಮದ್ದು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸರಿದು ಕೂತರೆ ಒಂದು ಈಡಿನಂತೆ ಇನ್ನೊಂದು ಹಾರುವುದಿಲ್ಲ. ಅದಕ್ಕೆಂದೇ ಗುರಿಕಾರರ ಸೀಸದ ಗುಂಡನ್ನು ಮೂತಿ ಚಪ್ಪಟೆಯಾಗಿ ಮಾಡಿ, ಕೊಳವೆಯ ಬಾಯಿಗೆ ಸಮನಾಗುವಂತೆ ಒಳಕ್ಕೆ ಇಳಿಸಿರುತ್ತಾರೆ. ಬಯಲು ಕಿರಿದಾಗುತ್ತದೆ, ಚಪ್ಪಟೆ ಮೂತಿಯಿಂದ ಕಾಗದದಲ್ಲಿ ತೂತೂ ಅಚ್ಚುಕಟ್ಟಾಗಿ ಬೀಳುತ್ತದೆ. ಆದರೂ ಭಯ ಹೋಗದು. ಇಷ್ಟು ಕಡಿಮೆ ಮದ್ದನ್ನು ಮರೆವಿನಿಂದ ಎರಡು ಸಲ ಹಾಕಿದರೂ ಕೊಳವೆ ತುಂಬಿ ಚೆಲ್ಲುವುದಿಲ್ಲ, ಎಚ್ಚರಿಸುವುದಿಲ್ಲ. ಕೈಯಾರೆ ತೋಟಾ ತುಂಬಿಕೊಳ್ಳುವ ರೂಢಿಯಿರುವ ಅಮೆರಿಕದಂಥ ದೇಶಗಳಲ್ಲಿ ಜಾಗರೂಕರಾದವರು ಕೊಳವೆಗಳನ್ನು ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಒಂದೊಂದನ್ನೂ ಇಣುಕಿ ನೋಡುತ್ತಾರೆ. ಸಲಾಕೆಯ ಗೀರು ಮಾಡುವ ಕೆಲಸವೇ ಅದು.

ನಮ್ಮಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬುವಂತಿಲ್ಲ. ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ನಾಡಬಂದೂಕಿಗೆ ಸುರಿಯುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಕರಿಮದ್ದಿನ ಅಳತೆಗೆ ಆ ಮದ್ದು ಜೀವ ತೆಗೆಯುತ್ತದೆ.

ಕಡಿಮೆ ಹಾಕಿದಷ್ಟೂ ಕ್ಷೇಮವೆಂದು ತಿಳಿಯುವುದೂ ಸರಿಯಲ್ಲ. ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿರುತ್ತದೆ. ಒಂದಷ್ಟು ಆವಿ ಅಲ್ಲಿಯೇ ಸೋರಿಹೋಗುತ್ತದೆ. ಈಡು ತೀರ ಬಡವಾದರೆ ಗುಂಡು ನಳಿಗೆಯ ನಡುವೆಯೇ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೆ ಒಡೆಯುತ್ತದೆ. ನಾಡಬಂದೂಕಿನಲ್ಲಿಯೂ ಗುಂಡು ಮದ್ದಿನ ಮೇಲೆ ಕೂರದೆ ನಡುವೆ ತೆರಪು ಉಳಿದರೆ ಇದೇ ಗತಿ. ಆದಕಾರಣ ಸದ್ದು ಕುಗ್ಗಿ ಕೇಳಿಸಿದೊಡನೆ, ಸ್ಪರ್ಧೆಯ ಮಧ್ಯದಲ್ಲಿದ್ದರೂ, ಕೈ ನಿಲ್ಲಿಸಿ ಉರುಳೆಯನ್ನು ಹೊರಕ್ಕೆ ತೆರೆದು, ತೋಟಾಗಳನ್ನೆಲ್ಲ ತೆಗೆದ ಮೇಲೆ, ನಳಿಗೆಯ ಆ ತುದಿಯಿಂದ ಈ ತುದಿಗೆ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಕಾಣದಿದ್ದರೆ ಆ ದಿನದ ಗುರಿ ಅಲ್ಲಿಗೆ ಮುಗಿಯಿತು.